ಹುಣ್ಣು ಮಾಯಿತು, ರೋಗ ಹೋಯಿತೇ?



ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಹೆಸರಿರಲಿಲ್ಲ. ಬರೆದವರು ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುವ ಯುವಕ. "ಎರಡು ತಿಂಗಳ ಹಿಂದೆ ಗುಪ್ತಾಂಗದ ಮೇಲೆ ಒಂದು ಹುಣ್ಣಾಗಿತ್ತು. ನೋವಿರಲಿಲ್ಲ. ಮುಲಾಮು ಹಚ್ಚಿದೆ, ಹೋಯಿತು. ಮುಂದಿನ ವಾರ ಊರಿಗೆ ಹೊರಟಿದ್ದೇನೆ, ಹೆಂಡತಿ ಅಲ್ಲಿದ್ದಾಳೆ. ಇನ್ನು ಭಯವಿಲ್ಲ ತಾನೆ?" ಎಂದು ಕೇಳಿದ್ದಾರೆ.

ಪತ್ರವನ್ನು ಚರ್ಮರೋಗ ವೈದ್ಯರೊಬ್ಬರಿಗೆ ಓದಿ ಹೇಳಿದೆ. "ಊರಿಗೆ ಹೋಗುವ ಮುಂಚೆ ರಕ್ತ ಪರೀಕ್ಷೆ ಮಾಡಿಸಲಿ" ಎಂದರು. ಯಾಕೆ ಅಂತೀರಾ?

ನೋವಿಲ್ಲದ ಹುಣ್ಣು ಸಿಫಿಲಿಸ್ ರೋಗದ ಮೊದಲ ಗುರುತಾಗಿರಬಹುದು. ಸಂಪರ್ಕವಾಗಿ ಸಾಮಾನ್ಯವಾಗಿ 3 ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಮುಲಾಮು ಹಚ್ಚಿದರೂ ಬಿಟ್ಟರೂ 3ರಿಂದ 6 ವಾರಗಳಲ್ಲಿ ತಾನಾಗಿ ಮಾಯುತ್ತದೆ. ರೋಗಾಣು ಮಾತ್ರ ಮೈಯೊಳಗೇ ಉಳಿಯುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಲೆಗಳು ಬರಬಹುದು. ಅವೂ ಹೋಗುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಎಷ್ಟೋ ವರ್ಷಗಳ ನಂತರ ಹೃದಯಕ್ಕೋ ಮೆದುಳಿಗೋ ಪೆಟ್ಟು ಬೀಳಬಹುದು. ಗರ್ಭಿಣಿಗೆ ತಗುಲಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಇಷ್ಟೆಲ್ಲ ಮಾಡುವ ರೋಗ ಪೆನಿಸಿಲಿನ್ ಚುಚ್ಚುಮದ್ದಿಗೆ ಗುಣವಾಗುತ್ತದೆ!

ಇನ್ನೂ ಕೆಲವು ಗುರುತುಗಳಿವೆ, ನೆನಪಿಡಿ. ಮೂತ್ರ ಮಾಡುವಾಗ ಉರಿ, ಕೀವು ಬರುವುದು ಗನೋರಿಯಾ ಇರಬಹುದು. ಉರಿಯುವ ಸಣ್ಣ ಸಣ್ಣ ನೀರುಗುಳ್ಳೆಗಳು ಹರ್ಪಿಸ್ ಇರಬಹುದು. ತೊಡೆಸಂದಿನಲ್ಲಿ ಗಡ್ಡೆ, ಗುಪ್ತಾಂಗದಲ್ಲಿ ನರುಲಿಯಂಥ ಗಂಟು ಕಂಡರೂ ವೈದ್ಯರಿಗೆ ತೋರಿಸಬೇಕು.

ಅಕ್ಕತಂಗಿಯರೇ, ಬಿಳಿ ಸೆರಗೆಲ್ಲ ರೋಗವಲ್ಲ. ಆದರೆ ಅದರ ಬಣ್ಣ ಬದಲಾದರೆ, ದುರ್ವಾಸನೆ ಬಂದರೆ, ಜೊತೆಗೆ ತುರಿಕೆ ಅಥವಾ ಕಿಬ್ಬೊಟ್ಟೆ ನೋವಿದ್ದರೆ ಸುಮ್ಮನಿರಬೇಡಿ. ಕ್ಲಮೈಡಿಯಾ ಎಂಬ ಸೋಂಕು ಅನೇಕ ಹೆಂಗಸರಲ್ಲಿ ಯಾವ ಗುರುತನ್ನೂ ತೋರಿಸುವುದಿಲ್ಲ. ಒಳಗೊಳಗೇ ಗರ್ಭನಾಳ ಕೆಡಿಸಿ ಮಕ್ಕಳಾಗದಂತೆ ಮಾಡಬಹುದು. ಆದ್ದರಿಂದ ಗಂಡನಿಗೆ ರೋಗವಿದೆ ಎಂದು ತಿಳಿದರೆ ಹೆಂಡತಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು.

ಎಲ್ಲಿಗೆ ಹೋಗುವುದು? ಲೋಕಲ್ ಗಾಡಿಯ ಡಬ್ಬಿಯಲ್ಲಿ 'ಗುಪ್ತರೋಗಕ್ಕೆ ಖಾತ್ರಿ ಇಲಾಜು' ಎಂದು ಅಂಟಿಸಿದ ಚೀಟಿ ನೋಡಿ ಹೋಗಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಲೂಬೇಡಿ. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಚರ್ಮ ಮತ್ತು ಗುಹ್ಯರೋಗ ವಿಭಾಗವಿದೆ. ಎಚ್‌ಐವಿ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿಕೊಳ್ಳಿ. ಭಾಷೆಯ ಸಂಕೋಚವೇ? ಬಿಳಿ ಸೆರಗಿಗೆ ಹಿಂದಿಯಲ್ಲಿ 'ಸಫೇದ್ ಪಾನಿ', ಉರಿಮೂತ್ರಕ್ಕೆ 'ಪೇಶಾಬ್ ಮೇ ಜಲನ್' ಅನ್ನಿ, ಸಾಕು. ನೆರೆಮನೆಯವರನ್ನು ಕರೆದುಕೊಂಡು ಹೋಗಬೇಕಾಗಿಲ್ಲ. ಮೊದಲು ಫೋನಿನಲ್ಲೇ ಕೇಳಿ ನೋಡುತ್ತೇನೆ ಎನ್ನುವವರಿಗೆ 1097 ಸಂಖ್ಯೆ ಇದೆ. ಕರೆಗೆ ಹಣವಿಲ್ಲ.

ಪತ್ರ ಬರೆದ ತಮ್ಮಾ, ನೀನು ಕೇಳಿದ್ದೇ ಒಳ್ಳೆಯದಾಯಿತು. ಟಿಕೆಟು ಒಂದು ವಾರ ಮುಂದೆ ಹೋದರೂ ಚಿಂತೆಯಿಲ್ಲ, ಪರೀಕ್ಷೆಯ ವರದಿ ಕೈಗೆ ಬರಲಿ. ರೋಗವಿದೆ ಎಂದಾದರೆ ವೈದ್ಯರು ಸರಿ ಎನ್ನುವವರೆಗೆ ದೂರವಿರು. ಹೆಂಡತಿಗೆ ಹೇಳುವುದು ಕಷ್ಟ, ನಿಜ. ಆದರೆ ಹೇಳದೆ ಬಿಟ್ಟರೆ ಅದರ ಫಲ ಉಣ್ಣುವವರು ಅವಳು, ನಾಳೆ ಹುಟ್ಟುವ ಮಗು. ಅವರು ಮಾಡಿದ ತಪ್ಪೇನು?