ಸಾಲ ಮಾಡುವ ಮುನ್ನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ, ಚಿತ್ರ ಬರೆಯುವ ಕೆಲಸ ಕಲಿಯಲು ನಮ್ಮ ಕೆಲವು ತರುಣರು ಸಾಲಕ್ಕೆ ಹೊರಟಿದ್ದಾರೆ. ಸ್ವಲ್ಪ ತಡೆಯಿರಿ. 2013ರಿಂದೀಚಿನ ಫೋಟೋಶಾಪಿಗೆ ಬಾಡಿಗೆಮನೆಯಂತೆ ಕಂತು ಕಟ್ಟುತ್ತಲೇ ಇರಬೇಕು. ಕದ್ದ ಪ್ರತಿಯೊಡನೆ ವೈರಸ್ಸೂ ಬಂದೀತು. ಫೋಟೋಗೆ ಗಿಂಪ್, ಚಿತ್ರಕ್ಕೆ ಕ್ರಿತಾ. ಎರಡಕ್ಕೂ ಕಾಸು ಬೇಡ. 1995ರಲ್ಲಿ ಇಬ್ಬರು ವಿದ್ಯಾರ್ಥಿಗಳು ಕೈಹಚ್ಚಿದ ಗಿಂಪ್, ಯುನಿಕೋಡ್ ಅಕ್ಷರವಾದರೆ ಕನ್ನಡದ ಒತ್ತನ್ನೂ ಸರಿಯಾಗಿ ಮೂಡಿಸುತ್ತದೆ. ರಾಜ್ಯೋತ್ಸವದ ಕರೆಯೋಲೆಯಲ್ಲಿ ಒತ್ತು ಕಳಚಿಬಿದ್ದುದನ್ನು ಕಂಡವರಿಗೆ ಇದರ ಬೆಲೆ ಗೊತ್ತು!

ಹಣವನ್ನು ಯಂತ್ರಕ್ಕೆ ಹಾಕಿ. ಬಳಸಿದ್ದಾದರೂ ಆದೀತು, ಆದರೆ ರ‍್ಯಾಮ್ 8 ಜಿಬಿಗೆ ಕಡಿಮೆ ಬೇಡ. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ತಿಳಿದವರೊಡನೆ ಹೋಗಿ, ಅಂಗಡಿಯಲ್ಲೇ ನಡೆಸಿ ನೋಡಿ. ಪೆನ್ ಟ್ಯಾಬ್ಲೆಟ್ ಚಿಕ್ಕದೇ ಸಾಕು. ಪರದೆಯುಳ್ಳದ್ದು ಗಳಿಕೆ ಬಂದ ಮೇಲೆ.