ಮೊದಲು ಬಿಚ್ಚಲು ಕಲಿಯೋಣ



ಹೈದರಾಬಾದಿನ ಯಾವ ಬಡಾವಣೆಗೆ ಹೋದರೂ ಒಂದು ಮ್ಯಾಚಿಂಗ್ ಸೆಂಟರ್ ಕಾಣುತ್ತದೆ. ಗೋಡೆಯುದ್ದಕ್ಕೂ ಬಣ್ಣಬಣ್ಣದ ರುಬಿಯಾ ಬಟ್ಟೆ, ಕೆಳಗಿನ ಸಾಲಿನಲ್ಲಿ ಲೈನಿಂಗ್, ಸೀರೆಯ ಫಾಲು, ಒಳಲಂಗ, ದಾರದ ಡಬ್ಬಿ. ಸೀರೆಯ ಸೆರಗನ್ನು ಹರವಿದರೆ ಸಾಕು, ಅದಕ್ಕೆ ಒಪ್ಪುವ ತುಂಡು ಮುಂದೆ ಬಂದು ಬೀಳುತ್ತದೆ. ಸಿಕಂದರಾಬಾದಿನ ಜನರಲ್ ಬಜಾರ್, ಕೋಠಿಯ ಸುಲ್ತಾನ್ ಬಜಾರ್, ಮೂಸಿ ನದಿಯ ಹತ್ತಿರದ ಬೇಗಂ ಬಜಾರ್, ಈ ಮೂರು ಕಡೆ ತಿರುಗಿದರೆ ಲೇಸು, ಹುಕ್ಕು, ಗುಂಡಿ, ಜರಿಪಟ್ಟಿ, ಬ್ಯಾಗಿನ ಜಿಪ್ಪು ಎಲ್ಲವೂ ಸಿಗುತ್ತವೆ. ಹೊಲಿಗೆಗೆ ಬೇಕಾದ್ದೆಲ್ಲ ಇಷ್ಟು ಕೈಗೆಟಕುವ ಊರಿನಲ್ಲಿದ್ದೂ ನಮ್ಮ ಮನೆಗಳ ಬೀರುವಿನಲ್ಲಿ ಬಿಗಿಯಾದ ರವಿಕೆ, ನೆಲ ಒರೆಸುವ ಪ್ಯಾಂಟು, ಬಗಲು ಹರಿದ ಕುರ್ತಾ ಹಾಗೇ ಬಿದ್ದಿರುತ್ತವೆ. ಟೈಲರ್ ಹತ್ತಿರ ಒಯ್ದರೆ ಹಬ್ಬ ಮುಗಿಯಲಿ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಹಳೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಲು ಹಿಡಿಯುವ ಹೊತ್ತಿಗೆ ತಕ್ಕ ಮಜೂರಿ ಕೊಡಲು ನಾವು ಯಾರೂ ತಯಾರಿಲ್ಲ. ಆದ್ದರಿಂದಲೇ ಇದು ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸ.

ಹೊಲಿಗೆ ಕಲಿಯಬೇಕು ಎಂದುಕೊಂಡವರು ಸಾಮಾನ್ಯವಾಗಿ ಹೊಸ ಬಟ್ಟೆ ಕತ್ತರಿಸುವುದರಿಂದ ಶುರು ಮಾಡುತ್ತಾರೆ. ಅಲ್ಲಿಗೇ ಅರ್ಧ ಜನ ನಿಂತುಹೋಗುತ್ತಾರೆ, ಕತ್ತರಿ ಆಡಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ ಎಂಬ ಹೆದರಿಕೆಗೆ. ನನ್ನ ಸಲಹೆ ಬೇರೆ. ಮೊದಲು ಬಿಚ್ಚಲು ಕಲಿಯಿರಿ. ಹಳೆಯ ರವಿಕೆಯೊಂದನ್ನು ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಅದನ್ನು ಹೊಲಿದ ದರ್ಜಿಯ ಲೆಕ್ಕಾಚಾರವೆಲ್ಲ ಅಲ್ಲಿ ಕಾಣುತ್ತದೆ. ತೋಳಿನ ತುದಿಯಿಂದ ಕಂಕುಳಿಗೆ, ಕಂಕುಳಿಂದ ಸೊಂಟಕ್ಕೆ ಒಂದೇ ಓಟದಲ್ಲಿ ಹೊಲಿಗೆ ಇಳಿದಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು, ಕೆಲವು ರವಿಕೆಗಳಲ್ಲಿ ಮೂರನೆಯದೂ ಇರುತ್ತದೆ. ಅದರಾಚೆ ಒಂದು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಮುಂದೆ ಮೈ ತುಂಬಿದಾಗ ಒಂದೊಂದೇ ಸಾಲು ಬಿಚ್ಚಿಕೊಳ್ಳಲಿ ಎಂದು ಇಟ್ಟ ಜಾಗ ಅದು. ಮದುವೆಯಲ್ಲಿ ಹೊಲಿಸಿದ ರವಿಕೆಯನ್ನು ಬಾಣಂತನದ ನಂತರವೂ ತೊಡಬಹುದಾಗಿದ್ದು ಈ ಮುಂದಾಲೋಚನೆಯಿಂದ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ರವಿಕೆಯ ಎರಡೂ ಮಗ್ಗುಲಿನಲ್ಲಿ ಹೊಲಿಗೆಯನ್ನು ಕಾಲು ಕಾಲು ಇಂಚು ಹೊರಗೆ ಸರಿಸಿದರೆ ಸುತ್ತಳತೆ ಅರ್ಧ ಇಂಚು ಹೆಚ್ಚುತ್ತದೆ ಎಂದು ಅನ್ನಿಸುತ್ತದೆ. ಹಾಗಲ್ಲ, ಪೂರ್ತಿ ಒಂದು ಇಂಚು ಹೆಚ್ಚುತ್ತದೆ. ಪ್ರತಿ ಮಗ್ಗುಲಲ್ಲೂ ಮುಂಭಾಗದ ಬಟ್ಟೆ ಒಂದು, ಹಿಂಭಾಗದ್ದು ಒಂದು, ಹೀಗೆ ನಾಲ್ಕು ಕಾಲುಗಳು ಸೇರುತ್ತವೆ. ಇದು ತಿಳಿಯದೆ ಹೊಲಿಗೆ ಸರಿಸಿದರೆ ಬಿಗಿಯಾಗಿದ್ದ ರವಿಕೆ ಏಕದಂ ಜೋಲುತ್ತದೆ. ಹೊಸ ಸಾಲು ಹಾಕಿ, ತೊಟ್ಟು ನೋಡಿ, ಆಮೇಲೆ ಒಳಗಿನ ಹಳೆಯ ಸಾಲು ಬಿಚ್ಚೋಣ ಎಂದರೆ ಆಗದು, ಯಾಕೆಂದರೆ ಬಿಗಿ ಇರುವುದೇ ಆ ಸಾಲಿನಲ್ಲಿ. ಹಾಗಾಗಿ ಹಳೆಯದನ್ನು ಬಿಚ್ಚಿ, ಹೊಸ ಗೆರೆಯಲ್ಲಿ ಕೈಯಿಂದ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ತೋಳು ಎತ್ತಿ ಇಳಿಸಿ ನೋಡಿ, ಆಮೇಲೆ ಮಷೀನಿಗೆ ಕೂಡಿ. ಹತ್ತಿಯಲ್ಲಿ ಹಳೆಯ ಸೂಜಿತೂತುಗಳು ಒಂದೆರಡು ಒಗೆತಕ್ಕೆ ಮುಚ್ಚಿಕೊಳ್ಳುತ್ತವೆ, ರೇಷ್ಮೆಯಲ್ಲಿ ಉಳಿದುಬಿಡುತ್ತವೆ. ಒಳಗೆ ಅಡಗಿದ್ದ ಬಟ್ಟೆ ಬಿಸಿಲು ಕಾಣದೆ ಗಾಢವಾಗಿ ಉಳಿದಿರುತ್ತದೆ, ಅದು ಕಂಕುಳ ಕೆಳಗೆ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳಗೆ ಬಟ್ಟೆಯೇ ಇಲ್ಲದಿದ್ದರೆ? ಈಗಿನ ರೆಡಿಮೇಡ್ ಉಡುಪಿನ ದೊಡ್ಡ ಕೊರತೆ ಇದೇ. ಕಾರ್ಖಾನೆಯಲ್ಲಿ ಓವರ್‌ಲಾಕ್ ಯಂತ್ರ ಅಂಚನ್ನು ಕತ್ತರಿಸುತ್ತಲೇ ಹೊಲಿಯುತ್ತದೆ. ಹೊಲಿಗೆಯಾಚೆ ಉಳಿಯುವುದು ಅರ್ಧ ಇಂಚಿಗಿಂತ ಕಡಿಮೆ. ಸಾವಿರಾರು ಉಡುಪುಗಳಲ್ಲಿ ಆ ಉಳಿತಾಯ ಕಾರ್ಖಾನೆಗೆ ಲಾಭ, ತೊಡುವವರಿಗೆ ನಷ್ಟ. ಅಂಥ ಕುರ್ತಾ ಬಗಲಲ್ಲಿ ಬಿಗಿಯಾದರೆ ಹಳೆಯ ಕಾಲದ ಕುರ್ತಾ ನೋಡಿ ಕಲಿಯಬೇಕು. ಅದರಲ್ಲಿ ದುಂಡು ಕತ್ತರಿಕೆಯೇ ಕಡಿಮೆ. ಉದ್ದನೆಯ ನೇರ ತುಂಡು, ಮಗ್ಗುಲಿಗೆ ‘ಕಲಿ’ ಎಂಬ ಓರೆ ತುಂಡು, ತೋಳಿನ ಕೆಳಗೆ ಒಂದು ಚೌಕದ ತುಂಡು. ಆ ಚೌಕವನ್ನು ಓರೆಯಾಗಿ ಕೂರಿಸುತ್ತಿದ್ದರು, ತೋಳು ಎತ್ತಿದಾಗ ಅದು ಬಿಚ್ಚಿಕೊಂಡು ಜಾಗ ಕೊಡುತ್ತಿತ್ತು. ಓರೆ ಎಳೆಯ ಬಟ್ಟೆ ಹಿಗ್ಗುತ್ತದೆ. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ನೇರ ಎಳೆದರೆ ಹಿಗ್ಗುವುದಿಲ್ಲ. ಬಗಲು ಹರಿದ ರೆಡಿಮೇಡ್ ಕುರ್ತಾಕ್ಕೆ ಅದೇ ಬಣ್ಣದ್ದೋ ಬೇಕೆಂದೇ ಬೇರೆ ಬಣ್ಣದ್ದೋ ಮೂರು ಇಂಚಿನ ಚೌಕ ಕೂರಿಸಿದರೆ ಇನ್ನೂ ಕೆಲವು ವರ್ಷ ತೊಡಬಹುದು. ನನ್ನ ಮಟ್ಟಿಗೆ ಮನೆಹೊಲಿಗೆಯಲ್ಲಿ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ.

ಮಷೀನಿನ ಬಗ್ಗೆ ನಾಲ್ಕು ಮಾತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಹತ್ತಿರ ಇತ್ತು, ಕೆಳಗಿನಿಂದ ಎರಡನೆಯ ದಾರ ಬಂದು ಮೇಲಿನದಕ್ಕೆ ಸುತ್ತಿಕೊಳ್ಳುತ್ತಿತ್ತು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮ ಮನೆಯ ಉಷಾ ಮಷೀನೂ ಕೆಲಸ ಮಾಡುವುದು ಅದೇ ತತ್ವದ ಮೇಲೆ. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ಮಷೀನಿನ ಮೇಲಿನ, ಕೆಳಗಿನ ದಾರಗಳೆರಡೂ ಬಟ್ಟೆಯ ನಡುಮಧ್ಯದಲ್ಲಿ ಕೂಡಬೇಕು. ಕೆಳಗೆ ದಾರ ಗುಂಜಾಗಿ ಗಂಟುಗಂಟಾದರೆ ಎಲ್ಲರೂ ಬಾಬಿನ್ ಕೇಸನ್ನು ತೆಗೆದು ತಿರುವುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದಲ್ಲಿರುತ್ತದೆ, ಅದು ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ತೆಳುವಾದ ಬಟ್ಟೆಗೆ 11ನೇ ನಂಬರಿನ ಸೂಜಿ, ಸಾಮಾನ್ಯ ಹತ್ತಿಗೆ 14, ಜೀನ್ಸಿಗೆ 16. ಮೊನೆ ಮೊಂಡಾದ ಸೂಜಿಯಲ್ಲಿ ಹೊಲಿದು ಮಷೀನನ್ನು ಬೈಯಬಾರದು.

ಕೈಹೊಲಿಗೆಯಲ್ಲಿ ಮೊದಲು ಕಲಿಯಬೇಕಾದ್ದು ಸೀರೆಗೆ ಫಾಲು ಹಚ್ಚುವುದು. ಹತ್ತಿಯ ಫಾಲನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಹಚ್ಚಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲು ಮುದುಡಿ ಸೀರೆಯ ಅಂಚನ್ನು ಸುಕ್ಕಾಗಿಸುತ್ತದೆ. ಲೈನಿಂಗ್ ಬಟ್ಟೆಗೂ ಇದೇ ನಿಯಮ.

ಬಟ್ಟೆ ತೊಡಲಾಗದಷ್ಟು ಹಳತಾದಾಗ ಏನು ಮಾಡಬೇಕೆಂದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. 1956ರವರೆಗೆ ಕಲಬುರಗಿ, ರಾಯಚೂರು, ಬೀದರ್ ಇದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ರಾಜ್ಯದ ಜಿಲ್ಲೆಗಳಾಗಿದ್ದವು. ಆ ಕಡೆಯಿಂದ ಬಂದ ಕನ್ನಡದ ಮನೆಗಳಲ್ಲಿ ಕೌದಿ ಇತ್ತು. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಲಂಗ ಒಂದರ ಮೇಲೊಂದು ಹಾಸಿ, ದಪ್ಪ ದಾರದಲ್ಲಿ ಸಾಲುಸಾಲಾಗಿ ಟಾಕಿ ಹಾಕಿದ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ನಾಲ್ಕೂ ಮೂಲೆಗೆ ಬಟ್ಟೆಯ ಹೂವು ಕೂರಿಸದೆ ಕೌದಿ ಪೂರ್ತಿಯಾಯಿತು ಎನ್ನುವುದಿಲ್ಲ. ಇನ್ನು ಕರ್ನಾಟಕದ ಗಡಿಗೆ ಅಂಟಿಕೊಂಡ ನಾರಾಯಣಪೇಟೆಯ ಸೀರೆ. ಚೌಕಳಿಯ ಒಡಲು ಸವೆದರೂ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಆ ಅಂಚನ್ನು ಬಿಡಿಸಿಕೊಂಡರೆ ಕೈಚೀಲದ ಹಿಡಿಕೆಯಾಗುತ್ತದೆ, ಖಾದಿ ದುಪಟ್ಟಾಕ್ಕೆ ಹಚ್ಚಬಹುದು, ಮಗಳ ಲಂಗ ಗಿಡ್ಡವಾದಾಗ ಕೆಳಗೆ ಕೊಡಬಹುದು.

ಕಲೆ ಬಿದ್ದ, ಸಣ್ಣ ತೂತಾದ ಬಟ್ಟೆಗೆ ಲಂಬಾಣಿ ಹೆಂಗಸರ ಕೆಲಸ ನೋಡಬೇಕು. ಲಂಬಾಣಿಗಳೆಂದರೆ ಬಂಜಾರರೇ, ಈ ನಗರದ ಬಂಜಾರಾ ಹಿಲ್ಸ್ ಹೆಸರು ಪಡೆದದ್ದು ಅವರಿಂದ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಅವರು ಬಟ್ಟೆಗೆ ಕೂರಿಸುವ ಕನ್ನಡಿಬಿಲ್ಲೆಗೆ ತೂತಿರುವುದಿಲ್ಲ. ಅದರ ಮೇಲೆ ಮೊದಲು ದಾರವನ್ನು ಅಡ್ಡ ಉದ್ದ ಹಾಯಿಸಿ ಚೌಕಟ್ಟು ಕಟ್ಟುತ್ತಾರೆ. ಆಮೇಲೆ ಸುತ್ತಲೂ ಆ ಚೌಕಟ್ಟನ್ನೂ ಬಟ್ಟೆಯನ್ನೂ ಸೇರಿಸಿ ಹೊಲಿಯುತ್ತ ಹೋದರೆ ಅದು ಹೊರಕ್ಕೆ ಹಿಗ್ಗಿ ಬಿಲ್ಲೆಯನ್ನು ಭದ್ರವಾಗಿ ಹಿಡಿಯುತ್ತದೆ. ತೂತಿನ ಹಿಂದೆ ಒಂದು ಚೂರು ಬಟ್ಟೆ ಇಟ್ಟು ಮೇಲೊಂದು ಬಿಲ್ಲೆ ಕೂರಿಸಿದರೆ ತೂತು ಇತ್ತೆಂಬುದೇ ತಿಳಿಯದು. ಒಂದೇ ಕಡೆ ಹಾಕಿದರೆ ತೇಪೆಯಂತೆ ಕಾಣುತ್ತದೆ, ಅದಕ್ಕೇ ಅಕ್ಕಪಕ್ಕ ಇನ್ನೆರಡು ಹಾಕಬೇಕು.

ಈ ಕೆಲಸ ಹೆಣ್ಣುಮಕ್ಕಳದ್ದು ಎಂದು ಗಂಡುಮಕ್ಕಳನ್ನು ದೂರ ಇಡಬೇಡಿ. ಊರ ತುಂಬ ದರ್ಜಿಗಳು ಗಂಡಸರೇ ಇರುವಾಗ ಮನೆಯ ಹುಡುಗನಿಗೆ ತನ್ನ ಅಂಗಿಯ ಗುಂಡಿ ಹಚ್ಚಿಕೊಳ್ಳಲು, ಪ್ಯಾಂಟಿನ ಅಂಚು ಮಡಿಸಿ ಹೊಲಿಯಲು ಬರದಿರುವುದಕ್ಕೆ ಕಾರಣವೇ ಇಲ್ಲ. ಪ್ಯಾಂಟನ್ನು ಮೊದಲು ಒಗೆದು, ಚಪ್ಪಲಿಯೋ ಬೂಟೋ ಹಾಕಿಕೊಂಡು ನಿಂತು ಅಳೆಯಲಿ, ಅಷ್ಟು ಹೇಳಿಕೊಟ್ಟರೆ ಸಾಕು.

ಮುಂದಿನ ಸಲ ಬಟ್ಟೆ ಕೊಳ್ಳುವಾಗ ಅದರ ಒಳಮಗ್ಗುಲನ್ನು ಹೊರಗೆ ತಿರುಗಿಸಿ ನೋಡಿ, ಹೊಲಿಗೆಯಾಚೆ ಬಟ್ಟೆ ಬಿಟ್ಟಿರುವುದನ್ನೇ ಆರಿಸಿಕೊಳ್ಳಿ. ರವಿಕೆ ಹೊಲಿಸುವಾಗ ಒಳಗೆ ಒಂದೂವರೆ ಇಂಚು ಬಿಡಿ ಎಂದು ಟೈಲರಿಗೆ ಬಾಯಿಬಿಟ್ಟು ಹೇಳಿ, ಉಳಿದ ತುಂಡನ್ನೂ ಕೇಳಿ ಪಡೆಯಿರಿ.