ಗೋಡೆಯ ಬಿರುಕಿಗೆ ಮಳೆಗೆ ಮುಂಚೆಯೇ ಮದ್ದು
(ವೀರನಹೊಸಹಳ್ಳಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಮಾತು)



ಉಳಿತಾಯ, ಸಾಲ, ಮಕ್ಕಳ ಓದು ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ನಮ್ಮ ಮನೆಯ ಹೊರಗೋಡೆಯ ಬಗ್ಗೆ ಮಾತಾಡೋಣ. ದಸರಾ ಆನೆಗಳ ಗಜಪಯಣ ನಮ್ಮ ವೀರನಹೊಸಹಳ್ಳಿಯಿಂದ ಹೊರಡುವ ಹೊತ್ತಿಗೆ ಮಳೆಗಾಲ ಜೋರಾಗಿರುತ್ತದೆ. ಆಗ ಗೋಡೆ ನೋಡಿ ಪ್ರಯೋಜನವಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಹುಣಸೂರು, ಎಚ್.ಡಿ. ಕೋಟೆ ಕಡೆ ಮನೆಗಳು ಕುಸಿದದ್ದನ್ನು ನಾವು ಮರೆತಿಲ್ಲ. ಗಾರೆ ಕಿತ್ತುಹೋದ ಕಡೆ ನೀರು ಒಳಗೆ ಇಳಿಯುತ್ತದೆ, ಇಟ್ಟಿಗೆ ನೆನೆಯುತ್ತದೆ, ಗೆದ್ದಲು ಹತ್ತುತ್ತದೆ. ಬಿರುಕಿನಲ್ಲಿ ಚೇಳು ಸೇರಿಕೊಳ್ಳುತ್ತದೆ. ಇವತ್ತು ಅಂಗೈ ಅಗಲ ಇರುವ ತೂತು ಬಿಟ್ಟರೆ ನಾಳೆ ಸಂಘದಲ್ಲಿ ದೊಡ್ಡ ಸಾಲ ಕೇಳಬೇಕಾಗುತ್ತದೆ.

ಮೊದಲು ಬಿರುಕು ಯಾವ ತರಹದ್ದು ಅಂತ ತಿಳಿಯಬೇಕು. ಕೂದಲೆಳೆಯಂಥ ಬಿರುಕು ಗಾರೆಯದ್ದು, ಭಯವಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದಿದ್ದರೆ, ಬೆರಳು ತೂರುವಷ್ಟಿದ್ದರೆ, ಒಳಗೂ ಹೊರಗೂ ಕಾಣುತ್ತಿದ್ದರೆ ಎಚ್ಚರ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ತಿಂಗಳಲ್ಲಿ ಬಿರುಕು ಗೆರೆ ದಾಟಿದರೆ ತಳಪಾಯ ಕೂರುತ್ತಿದೆ ಅಂತ ಅನುಮಾನ ಪಡಬೇಕು. ಅದಕ್ಕೆ ಮೇಲೆ ಗಾರೆ ಮೆತ್ತಿದರೆ ರೋಗ ಮುಚ್ಚಿದಂತೆ. ಮೇಸ್ತ್ರಿಗೋ ಎಂಜಿನಿಯರಿಗೋ ತೋರಿಸಿ.

ಉಳಿದದ್ದನ್ನು ನಾವೇ ಮಾಡಬಹುದು.

1. ಗೋಡೆಯನ್ನು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ ಕಡೆ ಗಾರೆ ಬಿಟ್ಟಿರುತ್ತದೆ. ಅದನ್ನೆಲ್ಲ ಕೆತ್ತಿ ತೆಗೆಯಿರಿ. ಬಿರುಕನ್ನು ಉಳಿಯಿಂದ ಅರ್ಧ ಇಂಚಿನಷ್ಟು ಅಗಲ ಮಾಡಿ.
2. ಧೂಳು ಪೂರ್ತಿ ಗುಡಿಸಿ, ನೀರು ಚಿಮುಕಿಸಿ. ಒಣಗಿದ ಗೋಡೆ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಕಚ್ಚುವುದಿಲ್ಲ.
3. ಒಂದು ಪಾಲು ಸಿಮೆಂಟಿಗೆ ನಾಲ್ಕರಿಂದ ಐದು ಪಾಲು ಜರಡಿ ಹಿಡಿದ ಮರಳು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನೋದು ತಪ್ಪು. ಒಣಗುವಾಗ ಸೆಳೆದು ಮತ್ತೆ ಬಿರಿಯುತ್ತದೆ. ಅರ್ಧ ಗಂಟೆಗೆ ಬೇಕಾದಷ್ಟೇ ಕಲೆಸಿ.
4. ಆಳವಾದ ತೂತನ್ನು ಒಂದೇ ಸಲ ತುಂಬಬೇಡಿ. ಅರ್ಧ ಇಂಚಿನಂತೆ ಎರಡು ಸಲ ಹಚ್ಚಿ, ಕರಣೆಯಿಂದ ಒತ್ತಿ ಹಳೇ ಗೋಡೆಗೆ ಸಮ ಮಾಡಿ.
5. ಒಂದು ವಾರ ಬೆಳಿಗ್ಗೆ ಸಂಜೆ ನೀರು ಹಾಕಿ. ಬಿಸಿಲು ಬೀಳುವ ಕಡೆ ಒದ್ದೆ ಗೋಣಿಚೀಲ ಕಟ್ಟಿ.

ಕೆಲಸ ಮಾಡುವಾಗ ಕೈಗೆ ಗ್ಲೌಸ್ ಇರಲಿ. ಸಿಮೆಂಟ್ ಚರ್ಮ ಸುಡುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮಣ್ಣಿನ ಗೋಡೆಯ ಮನೆಯವರಿಗೆ ಇನ್ನೊಂದು ಮಾತು. ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಹಾಗೆ ಬಗ್ಗುವುದಿಲ್ಲ. ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ, ಕೊನೆಗೆ ಹಲಗೆಯಂತೆ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣೇ ಮದ್ದು. ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ಕೆಲವು ದಿನ ಕೊಳೆಸಿ ಹಚ್ಚಿ. ಒಣಗಿದ ಮೇಲೆ ಸುಣ್ಣ ಬಳಿಯಿರಿ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೂ ಇದನ್ನೇ.

ಇನ್ನು ಖರ್ಚಿನ ವಿಷಯ. ಸಣ್ಣ ರಿಪೇರಿಗೆ ಒಬ್ಬೊಬ್ಬರೂ 50 ಕೆ.ಜಿ. ಸಿಮೆಂಟ್ ಚೀಲ ತರುವುದು ಬೇಡ. ಬಿಚ್ಚಿದ ಚೀಲ ತೇವ ಹೀರಿ ಗಂಟು ಕಟ್ಟುತ್ತದೆ, ದುಡ್ಡು ದಂಡ. ನಾಲ್ಕೈದು ಮನೆಯವರು ಸೇರಿ ಒಂದು ಚೀಲ ತನ್ನಿ, ಒಂದೇ ವಾರದಲ್ಲಿ ಸರದಿಯ ಮೇಲೆ ಒಬ್ಬರ ಮನೆಗೆ ಇನ್ನೊಬ್ಬರು ಕೈಜೋಡಿಸಿ. ಖರ್ಚನ್ನು ಸಂಘದ ಪುಸ್ತಕದಲ್ಲಿ ಬರೆಯಿರಿ. ಒಂಟಿಯಾಗಿರುವ ವಯಸ್ಸಾದ ತಾಯಂದಿರ ಮನೆ ಮೊದಲು ಆಗಲಿ.

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಕಟ್ಟಿದ ಮನೆಯನ್ನು ಜೋಪಾನ ಮಾಡುವುದೂ ಬುದ್ಧಿವಂತಿಕೆಯೇ. ಮುಂದಿನ ಸಭೆಗೆ ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆ ಸುತ್ತ ಒಂದು ಸುತ್ತು ಬಂದು, ಎಲ್ಲೆಲ್ಲಿ ಗಾರೆ ಬಿಟ್ಟಿದೆ ಅಂತ ಗುರುತು ಹಾಕಿಕೊಂಡು ಬನ್ನಿ. ಯಾರ ಮನೆಯಿಂದ ಶುರು ಅಂತ ಅಲ್ಲೇ ತೀರ್ಮಾನ ಮಾಡೋಣ.

ದೇವರು ನಿಮ್ಮೆಲ್ಲರನ್ನೂ ಹರಸಲಿ.